ಸೀಮೆಸುಣ್ಣದಲ್ಲಿ ಬರೆದ ವಿಳಾಸ

ನಗರಾಡಳಿತದ ಬೀದಿನಾಯಿ ಸಂತಾನಹರಣ ಮತ್ತು ಲಸಿಕಾ ಕಾರ್ಯಕ್ರಮದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಾನು ಕಳ್ಳ. ಮೊನ್ನೆ ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ನಿಮ್ಮ ಶಸ್ತ್ರಚಿಕಿತ್ಸಾ ಕೇಂದ್ರದ ಕಿಟಕಿಯಲ್ಲಿದ್ದ ಒಂದು ಡಬ್ಬ ಸೀಮೆಸುಣ್ಣವನ್ನು ಪೂರ್ಣ ಪ್ರಜ್ಞೆಯಿಂದ, ಯಾರ ಪ್ರಚೋದನೆಯೂ ಇಲ್ಲದೆ, ಜೇಬಿಗೆ ಇಳಿಸಿದೆ. ಒಳಗೆ ಹನ್ನೊಂದು ತುಂಡುಗಳಿದ್ದವು. ಎರಡು ಮೊದಲೇ ಮುರಿದಿದ್ದವು, ಅದಕ್ಕೆ ನಾನು ಹೊಣೆಯಲ್ಲ. ಇಪ್ಪತ್ತೊಂಬತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿದೆ; ಅಷ್ಟು ವರ್ಷದಲ್ಲಿ ಒಂದು ಚೂರು ಸೀಮೆಸುಣ್ಣವನ್ನೂ ಮನೆಗೆ ತಂದವನಲ್ಲ. ನಿವೃತ್ತಿಯಾದ ಮೇಲೆ ಕೆಟ್ಟೆ. ಕೆಡಿಸಿದವರು ನೀವು. ಕಳೆದ ಗುರುವಾರ ನಿಮ್ಮವರು ನಮ್ಮ ಬೀದಿಯ ಬಾಣಂತಿ ನಾಯಿಯೊಂದನ್ನು ಮರಿಗಳ ಬಳಿಯಿಂದ ಹಿಡಿದೊಯ್ದರು. ಅದನ್ನು ಎಲ್ಲಿ ಬಿಟ್ಟಿರಿ ಎಂದು ಕೇಳಿದರೆ ನಿಮ್ಮ ಇಲಾಖೆಯಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಕಂದು ಮೈ, ಮುಂದಿನ ಎಡಗಾಲಿಗೆ ಬಿಳಿ ಕಾಲುಚೀಲ ತೊಟ್ಟಂಥ ಗುರುತು. ಹೆಸರು ಹಾಜರಿ. ನನ್ನ ಅಕ್ಕ ಬೀದಿಯ ಮೂಲೆಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅವಳು ಬಾಗಿಲು ತೆಗೆಯುವ ಹೊತ್ತಿಗೆ ಒಂದು ದಿನವೂ ತಪ್ಪದೆ ಬಂದು ನಿಲ್ಲುತ್ತಿದ್ದ ಕಾರಣ ಆ ಹೆಸರು. ಅಂಗಡಿಯ ಮೆಟ್ಟಿಲ ಕೆಳಗೆ, ಬಟ್ಟೆಯ ಚೂರುಗಳ ಹಾಸಿಗೆಯಲ್ಲಿ ಐದು ಮರಿ ಹಾಕಿದ್ದಳು. ಮರಿಗಳಿಗೆ ಆಗಿನ್ನೂ ಎರಡೂವರೆ ವಾರ. ನಿಮ್ಮ ಗಾಡಿ ಬಂದು ಬಲೆ ಬೀಸಿದಾಗ ಅಕ್ಕ ಕತ್ತರಿ ಹಿಡಿದೇ ಓಡಿ ಬಂದಳು.

"ಏನಪ್ಪಾ, ಮರಿಗಳು ಹಾಲು ಕುಡೀತಾ ಇವೆ, ಕಣ್ಣಿಗೆ ಕಾಣಲ್ವಾ?"

"ಇವತ್ತಿನ ಸಂಖ್ಯೆಗೆ ಒಂದು ಕಡಿಮೆ ಇದೆ ಅಕ್ಕಾ. ಮೂರೇ ದಿನ, ಇಲ್ಲೇ ತಂದು ಬಿಡ್ತೀವಿ."

ಮಾನ್ಯರೇ, ನಾನು ನಾಯಿಗಳ ಪರ, ನಿಮ್ಮ ಕಾರ್ಯಕ್ರಮದ ಪರವೂ ಹೌದು. ನೀವು ಅಚ್ಚು ಹಾಕಿಸಿದ ಕರಪತ್ರವನ್ನು ಅರವತ್ತನಾಲ್ಕು ಮನೆಗಳಿಗೆ ಹಂಚಿದವನು ನಾನೇ. ನಾಯಿಗಳಿಗೆ ವಿಷ ಹಾಕಬೇಕೆಂದು ಪಟ್ಟು ಹಿಡಿದಿದ್ದ ಕಬ್ಬಿಣದಂಗಡಿಯವರ ಮುಂದೆ ಒಂದೂವರೆ ಗಂಟೆ ಕೂತು ವಾದಿಸಿದ್ದೇನೆ. ಕೊಂದರೆ ಖಾಲಿಯಾದ ಜಾಗಕ್ಕೆ ಬೇರೆ ನಾಯಿಗಳು ಬರುತ್ತವೆ. ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಹಾಕಿ, ಕಿವಿಯ ತುದಿ ಕತ್ತರಿಸಿ ಗುರುತು ಮಾಡಿ, ಹಿಡಿದ ಜಾಗದಲ್ಲೇ ಬಿಟ್ಟರೆ ಅದೇ ನಾಯಿ ತನ್ನ ಬೀದಿಯನ್ನು ಕಾಯುತ್ತದೆ, ಸಂಖ್ಯೆಯೂ ಇಳಿಯುತ್ತದೆ, ರೋಗವೂ ಇಳಿಯುತ್ತದೆ. ಇಷ್ಟನ್ನು ಬಾಯಿಪಾಠ ಒಪ್ಪಿಸಿದೆ. ಅವರು ಕೊನೆಗೆ, "ಆಯ್ತು ಮೇಷ್ಟ್ರೇ, ನಿಮ್ಮ ಮುಖ ನೋಡಿ ಒಪ್ಪಿದೀನಿ," ಎಂದರು. ಆ ಮುಖ ಈಗ ಅವರ ಅಂಗಡಿಯ ಮುಂದೆ ಹಾಯಲಾರದೆ ಹಿಂದಿನ ಗಲ್ಲಿಯಲ್ಲಿ ಓಡಾಡುತ್ತಿದೆ. ಕರಪತ್ರದ ನಾಲ್ಕನೆಯ ಸಾಲು ನೆನಪಿದೆಯೇ? "ಹಾಲೂಡಿಸುವ ತಾಯಿನಾಯಿಗಳನ್ನು ಹಿಡಿಯುವುದಿಲ್ಲ." ಐದನೆಯದು? "ಹಿಡಿದ ಸ್ಥಳದಲ್ಲಿಯೇ ಬಿಡಲಾಗುವುದು." ನಿಮ್ಮದು ಸಂತಾನಹರಣ ಕಾರ್ಯಕ್ರಮವೆಂದು ನಂಬಿದ್ದೆ. ತಾಯಿಯ ಅಪಹರಣವೂ ಅದರಲ್ಲೇ ಸೇರಿದೆ ಎಂದು ಯಾವ ಸಾಲಿನಲ್ಲಿ ಬರೆದಿದ್ದೀರಿ?

ಶನಿವಾರ ಒಂದು ಮರಿ ಸತ್ತಿತು. ಉಳಿದ ನಾಲ್ಕಕ್ಕೆ ಅಕ್ಕ ಇಂಕ್ ಫಿಲ್ಲರಿನಲ್ಲಿ ಹನಿಹನಿಯಾಗಿ ಹಾಲು ಹಾಕುತ್ತಾ, ಭಾನುವಾರಕ್ಕೆ ಕಾದಳು. ಭಾನುವಾರ ನಿಮ್ಮ ಗಾಡಿ ಮಾತಿಗೆ ಸರಿಯಾಗಿ ಬಂತು, ಹಿಂಬಾಗಿಲು ತೆಗೆಯಿತು, ಒಂದು ನಾಯಿಯನ್ನು ಇಳಿಸಿ ಹೊರಟೇಹೋಯಿತು. ಇಳಿದದ್ದು ನಾವು ಈವರೆಗೆ ಕಂಡಿರದ ಒಂದು ಕಪ್ಪು ನಾಯಿ. ಕಿವಿಯಲ್ಲಿ ಗುರುತು, ಹೊಟ್ಟೆಯಲ್ಲಿ ಹೊಲಿಗೆ, ಕಣ್ಣಿನಲ್ಲಿ ಪ್ರಾಣಭಯ. ನಮ್ಮ ಬೀದಿಯ ನಾಯಿಗಳೆಲ್ಲ ಒಟ್ಟಾಗಿ ಅಟ್ಟಿಸಿಕೊಂಡು ಬಂದಾಗ ಅದು ನುಗ್ಗಿದ್ದು ಅಕ್ಕನ ಮೆಟ್ಟಿಲ ಕೆಳಗೆ. ಮರಿಗಳನ್ನು ಎತ್ತಿಕೊಳ್ಳಲು ಕೈ ಹಾಕಿದವಳ ಬಲಗೈಗೆ, ಕತ್ತರಿ ಹಿಡಿಯುವ ಕೈಗೆ, ಹಲ್ಲು ಊರಿತು. ಆ ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಗೊತ್ತಿಲ್ಲದ ಊರಿನಲ್ಲಿ ಹೊಟ್ಟೆ ಹೊಲಿಸಿಕೊಂಡು ಇಳಿದರೆ ನಾನೂ ಯಾರನ್ನಾದರೂ ಕಚ್ಚುತ್ತಿದ್ದೆ. ಅಕ್ಕನಿಗೂ ಸಿಟ್ಟಿಲ್ಲ. ಕೈಗೆ ಪಟ್ಟಿ ಕಟ್ಟಿಸಿಕೊಳ್ಳುತ್ತಾ ಅವಳು ಹೇಳಿದ್ದು, "ಅದರ ಹೊಟ್ಟೆ ಹೊಲಿಗೆ ಮಾತ್ರ ಬಹಳ ನೀಟಾಗಿದೆ ಕಣೋ. ಡಾಕ್ಟರು ಕೆಲಸ ಕಲಿತವರು."

ನಿಮ್ಮ ವೈದ್ಯರ ಬಗ್ಗೆ ನಮ್ಮ ತಕರಾರು ಇಲ್ಲ. ಆಸ್ಪತ್ರೆಯವರು ಕೇಳಿದ್ದು ಒಂದೇ ಪ್ರಶ್ನೆ: ಕಚ್ಚಿದ ನಾಯಿಗೆ ಲಸಿಕೆ ಆಗಿದೆಯಾ? ಅದನ್ನು ಕೇಳಲು, ಹಾಜರಿ ಎಲ್ಲಿ ಎಂದು ವಿಚಾರಿಸಲು, ಸೋಮವಾರ ನಿಮ್ಮ ಕೇಂದ್ರಕ್ಕೆ ಹೋದೆ. ಪಂಜರಗಳ ಸಾಲು ಕನ್ನಡಿಯಂತೆ ಹೊಳೆಯುತ್ತಿತ್ತು. ಪ್ರತಿ ಪಂಜರದ ಬಾಗಿಲಿಗೆ ಒಂದು ಕರಿಹಲಗೆ, ಹಲಗೆಯ ಮೇಲೆ ಏನೂ ಇಲ್ಲ. ಪೈಪು ಹಿಡಿದು ನೆಲ ತೊಳೆಯುತ್ತಿದ್ದ ಹೆಂಗಸನ್ನು ಮಾತಾಡಿಸಿದೆ.

"ಇದರ ಮೇಲೆ ಏನಮ್ಮಾ ಬರೀತಾರೆ?"

"ಹಿಡಿದ ಬೀದಿ, ತಾರೀಕು, ಇಂಜೆಕ್ಷನ್ ಆಯ್ತೋ ಇಲ್ವೋ, ಎಲ್ಲಾ ಬರೀತಾರೆ ಸರ್. ಸೀಮೆಸುಣ್ಣದಲ್ಲಿ."

"ಎಲ್ಲಿ ಹೋಯ್ತು?"

"ಬೆಳಿಗ್ಗೆ ತೊಳೀತೀವಲ್ಲ ಸರ್. ಪಂಜರ ಗಲೀಜು ಕಾಣಬಾರದು ಅಂತ ಮೇಲಿನವರ ಆರ್ಡರು."

"ಪುಸ್ತಕದಲ್ಲಿ ಬರೆಯಲ್ವಾ?"

"ಹಲಗೆ ನೋಡಿಕೊಂಡು ಪುಸ್ತಕಕ್ಕೆ ಬರೀತಾರೆ, ಗುಮಾಸ್ತರು ಬಂದ ಮೇಲೆ. ಅವರು ಬರೋದು ಹತ್ತಕ್ಕೆ. ನಾವು ತೊಳೆಯೋದು ಆರಕ್ಕೆ."

"ಹಾಗಾದ್ರೆ ಯಾವ ನಾಯಿ ಯಾವ ಬೀದಿಗೆ ಅಂತ ಹೇಗೆ ಗೊತ್ತಾಗುತ್ತೆ?"

ಆಕೆ ಪೈಪನ್ನು ಬದಿಗಿಟ್ಟು, ನನಗಾಗಿ ಮರುಗುವವಳಂತೆ ಹೇಳಿದಳು, "ಡ್ರೈವರಣ್ಣನಿಗೆ ಒಂದು ಅಂದಾಜು ಇರುತ್ತೆ ಸರ್. ಕಂದು ನಾಯಿ ಒಂದಿತ್ತು, ಬಸ್ ಡಿಪೋ ಕಡೆ ಬಿಟ್ಟಿರಬೇಕು."

ಆರಕ್ಕೂ ಹತ್ತಕ್ಕೂ ನಡುವಿನ ಆ ನಾಲ್ಕು ಗಂಟೆಯಲ್ಲಿ ನಿಮ್ಮ ಇಡೀ ಕಾರ್ಯಕ್ರಮ ಚರಂಡಿಗೆ ಹರಿಯುತ್ತಿದೆ, ಮಾನ್ಯರೇ. ಇಷ್ಟು ಶುದ್ಧವಾದ ಇಲಾಖೆಯನ್ನು ನಾನು ಕಂಡಿಲ್ಲ, ಸಾಕ್ಷ್ಯವನ್ನೂ ತೊಳೆದಿಡುತ್ತೀರಿ. ನಿಮ್ಮಲ್ಲಿ ಕಡತವಿಲ್ಲ, ನಮ್ಮಲ್ಲಿ ಕಡಿತವಿದೆ. ಕಪ್ಪು ನಾಯಿಗೆ ಲಸಿಕೆ ಆಗಿದೆಯೆಂದು ಹೇಳುವವರಿಲ್ಲದ ಕಾರಣ ಅಕ್ಕ ಸೂಜಿಯ ಮೇಲೆ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದಾಳೆ. "ಜೀವನಪೂರ್ತಿ ಸೂಜಿ ನನ್ನ ಮಾತು ಕೇಳ್ತಿತ್ತು, ಈಗ ನಾನು ಅದರ ಮಾತು ಕೇಳ್ತಿದೀನಿ," ಎಂದು ನಗುತ್ತಾಳೆ. ಎಡಗೈಯಲ್ಲೇ ಮರಿಗಳಿಗೆ ಹಾಲು ಹನಿಸುತ್ತಾಳೆ. ನಿನ್ನೆ ಒಂದು ಮರಿ ಹಾಲನ್ನು ಹೊರಗೇ ಬಿಟ್ಟಿತು, ನುಂಗಲಿಲ್ಲ. ಅವಳು ಆಗ ನಗಲಿಲ್ಲ.

ನಿಮ್ಮ ಅಂದಾಜನ್ನು ನಂಬಿ ಕೂರುವವನು ನಾನಲ್ಲ. ನಿನ್ನೆ ಸಂಜೆ ಟಾರ್ಚು, ಬನ್ನು, ಒಂದು ಗೋಣಿಚೀಲ ಹಿಡಿದು ಡಿಪೋ ಸುತ್ತ ಹುಡುಕಿದೆ. ಎರಡೇ ಗಂಟೆ. ಒಂದು ಗ್ಯಾರೇಜಿನ ಟೈರುಗಳ ಹಿಂದೆ ಕಂದು ಮೈ, ಬಿಳಿ ಎಡಗಾಲು, ಕಿವಿಯಲ್ಲಿ ಹೊಸ ಗುರುತು. ಹಾಜರಿಯೇ! ಎಲೆಯ ಅಂಚು ನೋಡಿ ಗಿಡದ ಕುಲಗೋತ್ರ ಹೇಳುವವನಿಗೆ ಒಂದು ನಾಯಿಯನ್ನು ಗುರುತಿಸುವುದು ಯಾವ ಲೆಕ್ಕ? ನಮ್ಮ ಬೀದಿಯ ನಾಯಿಗಳನ್ನು ಕಣ್ಣು ಮುಚ್ಚಿಕೊಂಡು ಗುರುತಿಸಬಲ್ಲೆ. ಚೀಲದಲ್ಲಿ ಸುತ್ತಿ, ಗೆಳೆಯನ ವ್ಯಾನಿನಲ್ಲಿ ಮನೆಗೆ ತಂದೆ. ಇದನ್ನು ಬರೆಯುವಾಗ ಅವಳು ನನ್ನ ಮೇಜಿನ ಕೆಳಗೆ ಮುದುಡಿ ಕೂತಿದ್ದಾಳೆ, ಮುಟ್ಟಲು ಬಿಡುತ್ತಿಲ್ಲ, ಪಾಪ, ಗಾಬರಿ. ಅಕ್ಕ ಇಂದಿನ ಸೂಜಿ ಮುಗಿಸಿ ಮರಿಗಳ ಬುಟ್ಟಿ ತರುತ್ತಾಳೆ. ಆರು ದಿನದ ಮೇಲೆ ಹಾಲು ಉಳಿದಿದೆಯೋ ಬತ್ತಿದೆಯೋ ಎನ್ನುವುದೊಂದೇ ಈಗ ಉಳಿದಿರುವ ಆತಂಕ. ನಿವೃತ್ತ ಮೇಷ್ಟರೊಬ್ಬ ಎರಡು ಗಂಟೆಯಲ್ಲಿ ಮಾಡಿದ ಕೆಲಸವನ್ನು ಗಾಡಿ, ಬಲೆ, ಸಿಬ್ಬಂದಿ ಎಲ್ಲ ಇರುವ ನಿಮ್ಮ ಇಲಾಖೆಗೆ ಆರು ದಿನದಲ್ಲಿ ಮಾಡಲಾಗಲಿಲ್ಲವೇ?

ಆದ್ದರಿಂದ ನನ್ನ ಆಗ್ರಹ. ಹಿಡಿದ ಕ್ಷಣದಲ್ಲೇ ನಾಯಿಯ ಕೊರಳಿಗೆ ಸಂಖ್ಯೆಯ ಬಿಲ್ಲೆ ಕಟ್ಟಿ, ಅದೇ ಸಂಖ್ಯೆಯ ಮುಂದೆ ಬೀದಿಯ ಹೆಸರನ್ನೂ ಲಸಿಕೆಯ ದಿನವನ್ನೂ ಪುಸ್ತಕದಲ್ಲಿ ಶಾಯಿಯಿಂದ ಬರೆಯಿರಿ. ಬರೆದಾದ ಮೇಲೆ ಎಷ್ಟು ಬೇಕಾದರೂ ತೊಳೆಯಿರಿ. ಮೊಲೆ ಬಿಗಿದ ನಾಯಿ ಕಂಡರೆ ಬಲೆ ಮಡಚಿ, ಆ ದಿನದ ಸಂಖ್ಯೆಗೆ ಒಂದು ಕಡಿಮೆಯಾದರೆ ಆಗಲಿ. ಅಲ್ಲಿಯವರೆಗೆ ನಿಮ್ಮ ಸೀಮೆಸುಣ್ಣ ನನ್ನ ವಶದಲ್ಲಿರುತ್ತದೆ.

ಇಂತಿ,
ಸರ್ಕಾರಿ ಸುಣ್ಣ ಕದ್ದು, ನೆರೆಹೊರೆಯವರ ಮುಂದೆ ಮುಖಕ್ಕೆ ಸುಣ್ಣ ಬಳಿದುಕೊಂಡ
ಒಬ್ಬ ನಿವೃತ್ತ ಸಸ್ಯಶಾಸ್ತ್ರ ಮೇಷ್ಟರು

ತಾ.ಕ.: ಅಕ್ಕ ಬಂದಳು. ಮೇಲಿನದನ್ನು ತಿದ್ದಿ ಬರೆಯಬಹುದಿತ್ತು, ಆದರೆ ಬರೆದದ್ದನ್ನು ಅಳಿಸುವುದು ನಿಮ್ಮ ಇಲಾಖೆಯ ಪದ್ಧತಿ. ಮರಿಗಳನ್ನು ಬುಟ್ಟಿಯಿಂದ ನೆಲಕ್ಕಿಳಿಸಿ, ಮೇಜಿನ ಕೆಳಗೆ ಬಗ್ಗಿ, ಎಡಗೈಯಲ್ಲಿ ಗೋಣಿಚೀಲ ಸರಿಸಿ ನೋಡಿದಳು.

"ಹೂವಿನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಅಂತ ಎಷ್ಟು ವರ್ಷ ಪಾಠ ಮಾಡಿದೆಯೋ ನೀನು?"

"ಇಪ್ಪತ್ತೊಂಬತ್ತು."

"ಇದು ಗಂಡು ಕಣೋ."

ಮರಿಗಳು ನಾಲ್ಕೂ ಅದರ ಹೊಟ್ಟೆಯ ಕಡೆಗೆ ತೆವಳುತ್ತಿದ್ದವು. ಅಕ್ಕ ಒಂದೊಂದನ್ನೇ ಎತ್ತಿ ಬುಟ್ಟಿಗೆ ಹಾಕಿಕೊಂಡಳು. ಹಾಜರಿ ಇನ್ನೂ ನಿಮ್ಮ ಅಂದಾಜಿನಲ್ಲೇ ಎಲ್ಲೋ ಇದ್ದಾಳೆ, ಇವತ್ತೇ ಹುಡುಕಿಸಿ.

"ಈ ಬಡಪಾಯಿಯನ್ನಾದ್ರೂ ಅದರ ಜಾಗಕ್ಕೆ ಬಿಟ್ಟು ಬಾ," ಎಂದಳು ಅಕ್ಕ. "ಯಾವ ಬೀದಿಯಿಂದ ತಂದೆ?"

ಡಿಪೋ ಸುತ್ತ ಏಳೆಂಟು ಬೀದಿಗಳು, ಬೀದಿಗೆರಡು ಗ್ಯಾರೇಜು. ಕತ್ತಲಾಗುತ್ತಿತ್ತು, ನಾನು ಗೆದ್ದ ಉಮೇದಿನಲ್ಲಿದ್ದೆ. ಜೇಬಿನಲ್ಲಿ ನಿಮ್ಮ ಸೀಮೆಸುಣ್ಣದ ಡಬ್ಬ ಇತ್ತು. ಬರೆದುಕೊಳ್ಳಬೇಕೆಂದು ನನಗೂ ಹೊಳೆಯಲಿಲ್ಲ.