ಅಜ್ಜಿಗೆ ಕೇಳುವಷ್ಟು ಜೋರು

ಮಾರ್ಚ್ 4

ಹಗ್ಗ ನೋಡಿ ಸುತ್ತಿಟ್ಟೆ. ಗರಗಸಕ್ಕೆ ಎಣ್ಣೆ. ಬೇಕರಿ ಹಿಂದಿನ ಒಣಮರ ಹತ್ತಿದೆ. ಮೇಲೆ ಗಾಳಿ, ನಾನು, ಒಂದು ಖಾಲಿ ಗೂಡು. ಯಾರ ಜೊತೆಗೂ ಮಾತಾಡಬೇಕಿಲ್ಲ. ಈ ಕೆಲಸ ಇಷ್ಟವಾಗುವುದೇ ಅದಕ್ಕೆ.

ಆದರೆ ರೆಂಬೆ ಕೆಡವುವ ಮೊದಲು "ಬಿಡ್ಲಾ?" ಎಂದು ಕೂಗಬೇಕು. ಕೆಳಗೆ ನಿಂತ ಅಣ್ಣನಿಂದ "ಬಿಡು" ಎಂದು ಬಂದ ಮೇಲೇ ಪೂರ್ತಿ ಕೊಯ್ಯಬೇಕು. ಕೆಲಸ ಕಲಿಸುವ ಮಾವನ ಕಾನೂನು.

ಕೂಗಿದೆ. ನನಗೆ ಮಾತ್ರ ಕೇಳಿಸಿತು. ಇನ್ನೊಮ್ಮೆ ಕೂಗಲು ನಾಚಿಕೆ... ಕೊಯ್ದುಬಿಟ್ಟೆ. ರೆಂಬೆ ಅಣ್ಣನ ಪಕ್ಕದಲ್ಲೇ ಬಿತ್ತು.

ಅಣ್ಣ ನಕ್ಕ. "ಇನ್ನೊಂದು ಗೇಣು ಈ ಕಡೆ ಹಾಕಿದ್ರೆ ನನ್ನ ಸೈಕಲ್ ನಿಂದೇ ಆಗ್ತಿತ್ತಲ್ಲೋ!"

ಮಾವ ನಗಲಿಲ್ಲ. "ಕೈ ಚೆನ್ನಾಗಿದೆ ನಿಂದು. ಬಾಯಿ ಎಲ್ಲಿಟ್ಟು ಬಂದೆ? ದನಿ ಬರೋವರೆಗೂ ಮರ ಹತ್ಬೇಡ."

ಮಾರ್ಚ್ 5

ಇಡೀ ದಿನ ಕೆಳಗೆ ಸೊಪ್ಪು ಎಳೆದೆ. ಮುಂದಿನ ವಾರ ಎರಡು ಮನೆಗಳ ನಡುವಿನ ದೊಡ್ಡ ಮರ. ಬುಡ ಟೊಳ್ಳು. ತುಂಡು ತುಂಡಾಗಿಯೇ ಇಳಿಸಬೇಕು. ಮಾವನಿಗೆ ಮೊಣಕಾಲು ನೋವು. ಅಣ್ಣ ಹತ್ತಿದರೆ ಹೊಟ್ಟೆ ಕೆಳಗೇ ಉಳಿಯುತ್ತದೆ. ನಾನಲ್ಲದಿದ್ದರೆ ಹೊರಗಿನವರನ್ನು ಕರೆಸುತ್ತಾರಂತೆ.

ಆ ಮರ ನನಗೆ ಬೇಕು. ಅದರ ರೆಂಬೆ ರೆಂಬೆಯೂ ನನಗೆ ಬಾಯಿಪಾಠ.

ಅಜ್ಜಿಗೆ ಕಿವಿ ಮಂದ. "ಹಿತ್ತಲ ಆ ಕೊನೇಲಿ ನಿಂತು ಕೂಗು ಮಗಾ. ನನಗೆ ಕೇಳಿದ್ರೆ ಊರಿಗೆಲ್ಲ ಕೇಳಿದ ಹಾಗೆ" ಅಂದಳು.

ಕೂಗಿದೆ. ಅಜ್ಜಿ ಬಟ್ಟೆ ಮಡಚುತ್ತಲೇ ಇದ್ದಳು.

ಮಾರ್ಚ್ 9

ಇವತ್ತು ನಾನು ಕೂಗಿದ್ದಕ್ಕೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಅಜ್ಜಿ ತಲೆ ಎತ್ತಿದಳು! "ಬಿಡೋ!" ಅಂದಳು.

ಮಾವ ಬಾಗಿಲಲ್ಲಿ ನಿಂತಿದ್ದ. ಆಮೇಲೆ ನೋಡಿದರೆ, ಮರ ಹತ್ತುವ ನನ್ನ ಬೆಲ್ಟು ನಾಳೆಯ ಕೆಲಸದ ಚೀಲದಲ್ಲಿತ್ತು.

ಮಾರ್ಚ್ 10, ಸಂಜೆ

ಇಳಿಸಿದೆವು! ಒಂದು ಹೆಂಚೂ ಒಡೆದಿಲ್ಲ.

ಸೂರಿನ ಮೇಲೆ ಚಾಚಿದ್ದ ರೆಂಬೆಯೇ ಕಷ್ಟದ್ದು. ಹಗ್ಗ ಬಿಗಿದು "ಬಿಡ್ಲಾ?" ಅಂದೆ. ಉತ್ತರವಿಲ್ಲ. ಬೀದಿಯವರೆಲ್ಲ ಕತ್ತೆತ್ತಿ ನಿಂತಿದ್ದರು. ಕಿವಿ ಬಿಸಿಯಾಯಿತು. ಗರಗಸ ಕೊಯ್ದ ಗೀರಿನಲ್ಲೇ ಇತ್ತು, ಇನ್ನೊಂದೆಳೆತ ಸಾಕಿತ್ತು... ಎಳೆಯಲಿಲ್ಲ. ಎದೆ ತುಂಬ ಉಸಿರು ತೆಗೆದುಕೊಂಡು ಮತ್ತೆ ಕೂಗಿದೆ. ಮತ್ತೆ.

ಕೆಳಗೆ ಅಣ್ಣನ ಕಾಲಿಗೆ ಹಗ್ಗ ಸುತ್ತಿಕೊಂಡಿತ್ತಂತೆ. ಬಿಡಿಸಿಕೊಂಡು ಅರಚಿದ— "ಬಿಡಪ್ಪಾ ಬಿಡು! ಸತ್ತೋರೂ ಎದ್ದು ಕೂತ್ಕೋತಾರೆ!"

ಇಳಿದ ಮೇಲೆ ಮಾವ ನನ್ನ ಬೆನ್ನಿನ ಮರದ ಪುಡಿ ಕೊಡವಿದ. "ಇನ್ಮೇಲೆ ಮೇಲಿನ ಕೆಲಸ ನಿಂದೇ."

ಅಜ್ಜಿ ಒಳಗಿನಿಂದ ಕೇಳುತ್ತಿದ್ದಾಳೆ, ಏನಾಯಿತೆಂದು. ಹೇಳೋಣವೆಂದರೆ, ಕೂಗಿ ಕೂಗಿ ದನಿಯೇ ಹೋಗಿದೆ.