ಫ್ಯಾನುಗಳು ನಿಂತ ಮೇಲೆ

ಅಮ್ಮಾ,

ನೆಗಡಿ ಬಿಟ್ಟಿದೆ, ಚಿಂತೆ ಬೇಡ. ಮೋಡಗಳ, ನಕ್ಷತ್ರಗಳ ಲೆಕ್ಕ ಹಾಕುತ್ತಿದ್ದ ಈ ವಿಶ್ವವಿದ್ಯಾಲಯದ ಹಳೆಯ ಸೂಪರ್ ಕಂಪ್ಯೂಟರನ್ನು ಇವತ್ತು ಬೆಳಿಗ್ಗೆ ಆರಿಸಿದರು. ಹೊಸದನ್ನು ತಣ್ಣಗಿಡಲು ನೀರಿನ ಪೈಪು ಜೋಡಿಸುವುದು ನಮ್ಮ ಕೆಲಸ.

ಹಳೆಯದನ್ನು ತಣ್ಣಗಿಡಲು ಹನ್ನೆರಡು ವರ್ಷ ಮೊರೆದ ಫ್ಯಾನುಗಳು ಒಂದೊಂದಾಗಿ ನಿಂತವು. ಇಡೀ ಕೋಣೆ ಮೆಲ್ಲನೆ ನೀರೊಳಗೆ ಇಳಿದಂತಾಯಿತು. ನನ್ನ ಉಸಿರು ನನಗೇ ಕೇಳಿಸಿತು. ಆಗ ಆ ಯಂತ್ರವನ್ನು ಮೊದಲಿನಿಂದ ನೋಡಿಕೊಂಡ ಹಿರಿಯಾಕೆ, ಪಕ್ಕದಲ್ಲೇ ನಿಂತಿದ್ದ ನನಗೆ, "ಕಾಫಿ ಕುಡೀತೀಯೇನಮ್ಮಾ?" ಎಂದು ಗಂಟಲು ಹರಿಯುವಂತೆ ಕೂಗಿದರು. ಎಲ್ಲರೂ ಬೆಚ್ಚಿಬಿದ್ದರು. ಆಕೆ ಬಾಯಿಗೆ ಕೈ ಅಡ್ಡ ಹಿಡಿದು, "ಅಭ್ಯಾಸ ಕಣಮ್ಮ. ಮನೇಲೂ ಹೀಗೇ ಅಂತ ಮಕ್ಕಳು ಬೈತಾರೆ" ಅಂದರು.

ಎಲ್ಲರೂ ನಕ್ಕರು. ನನಗೆ ನಮ್ಮ ಹಿಟ್ಟಿನ ಗಿರಣಿ, ಅದರ ಸದ್ದಿನ ನಡುವೆ ಹುಬ್ಬೆಲ್ಲ ಬಿಳಿಯಾಗಿ ನಿಂತ ನೀನು ಕಂಡಂತಾಯಿತು. ಒಮ್ಮೆ ಗೆಳತಿಯರ ಮುಂದೆ ನೀನು ಹೀಗೇ ಕೂಗಿ ಮಾತಾಡಿದಾಗ, "ಮೆಲ್ಲಗೆ ಮಾತಾಡಮ್ಮ, ಮಾನ ಹೋಗುತ್ತೆ" ಎಂದು ನಿನ್ನ ಕೈ ಚಿವುಟಿದ್ದೆ. ಅಂದಿನಿಂದ ನನ್ನ ಹತ್ತಿರ ನೀನು ಪಿಸುಗುಡುತ್ತೀಯ. ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಈ ಕಾರ್ಡು.

ಭಾನುವಾರ ಫೋನ್ ಮಾಡುತ್ತೇನೆ. ಕೂಗಿಯೇ ಮಾತಾಡಮ್ಮ.

ನಿನ್ನ ಮಗಳು