ಅಗ್ಲಾಯತ್ತೆ ಕೊಟ್ಟ ದಾನ

ಡೊರೊಹೊಯ್,
8 ಅಕ್ಟೋಬರ್ 1950

ಪ್ರೀತಿಯ ಸ್ರೂಲಣ್ಣ,

ನಿನ್ನ ಕೆಮ್ಮು ಹೇಗಿದೆ? ಬಿಸಿಲಿನ ಹೈಫಾಕ್ಕೆ ಹೋಗಿ ನಾಲ್ಕು ವರ್ಷವಾದರೂ ಕೆಮ್ಮುತ್ತೀಯ ಎಂದರೆ ಅದು ಮೊಗಿಲೆವ್‌ನ ಚಳಿಯೇ ಇರಬೇಕು. ರಾತ್ರಿ ಎದೆಗೆ ಉಣ್ಣೆ ಬಟ್ಟೆ ಕಟ್ಟಿಕೊಂಡು ಮಲಗು, ನಾಚಿಕೆ ಬೇಡ. ನಾನೂ ಅಪ್ಪನೂ ಆರಾಮ. ಮುಂದಿನ ವಾರ ಕಾನ್‌ಸ್ಟಾಂಟ್ಸಾದಿಂದ ನಮ್ಮ ಹಡಗು ಹೊರಡುತ್ತದೆ.

ಅಮ್ಮನ ತಾಮ್ರದ ಪಾತ್ರೆ ಇಲ್ಲದೆ ಬರಬೇಡ ಎಂದು ಪ್ರತಿ ಪತ್ರದಲ್ಲೂ ಬರೆಯುತ್ತೀಯ. ಮೊಗಿಲೆವ್‌ನಲ್ಲೇ ತೀರಿಹೋದ ಅಮ್ಮನದು ಎನ್ನಲು ನಮಗೆ ಒಂದು ಸಮಾಧಿಯಿಲ್ಲ, ಫೋಟೋ ಇಲ್ಲ. ಶುಕ್ರವಾರ ಸಂಜೆ ಒಲೆಗೇರಿ ಶನಿವಾರ ಮಧ್ಯಾಹ್ನ ಇಳಿಯುತ್ತಿದ್ದ ಆ ಪಾತ್ರೆಯೊಂದೇ. ನಮ್ಮ ಯೆಹೂದಿಗಳನ್ನೆಲ್ಲ ಊರಿಂದ ಮೊಗಿಲೆವ್‌ಗೆ ಅಟ್ಟಲು ಸಿಪಾಯಿಗಳು ಬಾಗಿಲು ಬಡಿದ ಬೆಳಿಗ್ಗೆ ಅಮ್ಮ ಅದನ್ನು ಬೇಲಿಯ ಮೇಲಿಂದ ಪಕ್ಕದ ಮನೆಯ ಅಗ್ಲಾಯತ್ತೆಯ ಕೈಗೆ ಕೊಟ್ಟದ್ದನ್ನು ನೀನೂ ನೋಡಿದ್ದೆ. ವಾಪಸ್ ಬಂದಾಗಿನಿಂದ ಕೇಳುತ್ತಿದ್ದೇವೆ, ಹುಡುಕುತ್ತೇನೆ ಎನ್ನುತ್ತಲೇ ಇದ್ದಳು. ಅವಳ ಬಾಯಲ್ಲಿ ಯಾವಾಗಲೂ ‘ನೀವು ಹೋದ ವರ್ಷ’. ನಾವೇನೋ ನೆಂಟರ ಮನೆಗೆ ಹೋಗಿದ್ದ ಹಾಗೆ. ಕೇಳಿದರೆ ಮೈಯೆಲ್ಲ ಉರಿಯುತ್ತದೆ.

ನಾವು ಹೊರಡುವ ಸುದ್ದಿ ತಿಳಿದ ಮೇಲೆ ಮೊನ್ನೆ ನಮ್ಮನ್ನು ಕರೆಸಿದಳು. ಮೇಜಿನ ಮೇಲೆ ಅಮ್ಮನ ಪಾತ್ರೆ. ಅದರ ತುಂಬ ಸಕ್ಕರೆ, ಅಕ್ರೋಟು ಹಾಕಿ ಬೇಯಿಸಿದ ಗೋಧಿ, ನಡುವೆ ಹಚ್ಚಿಟ್ಟ ಮೇಣದ ಬತ್ತಿ. ಸತ್ತವರ ಹೆಸರಲ್ಲಿ ಈ ಕ್ರೈಸ್ತರು ಪಾತ್ರೆ ಸಮೇತ ದಾನ ಕೊಡುವುದು ನಿನಗೆ ಗೊತ್ತಲ್ಲ. ನಮ್ಮ ಪಾತ್ರೆಯನ್ನೇ ನಮ್ಮಮ್ಮನ ಆತ್ಮಕ್ಕಾಗಿ ನಮಗೇ ದಾನ ಕೊಟ್ಟಳು! ಕೊಟ್ಟು, ಕೈಕಟ್ಟಿಕೊಂಡು ಕಾಯುತ್ತ ನಿಂತಳು. ದಾನ ಪಡೆದವರು ‘ದೇವರಿಗೆ ಸಲ್ಲಲಿ’ ಎನ್ನಬೇಕಂತೆ. ಅಪ್ಪ ಟೋಪಿ ತೆಗೆದು ಹೇಳಿಯೇಬಿಟ್ಟ. ಅವಳಿಗಿಂತ ಅಪ್ಪನ ಮೇಲೇ ಹೆಚ್ಚು ಹೇಸಿಗೆಯಾಯಿತು. ದಾರಿಯಲ್ಲಿ ಬಯ್ದರೆ, “ಪಾತ್ರೆ ಸಿಕ್ತಲ್ಲ ಫ್ರೀಮಾ, ಬಾಯಿ ಮುಚ್ಕೊಂಡು ನಡಿ” ಅಂದ.

ಗೋಧಿಯನ್ನು ಬಾತುಗಳಿಗೆ ಸುರಿದೆ. ಬೂದಿ, ಮರಳು ಹಾಕಿ ಕೈ ಕೆಂಪಾಗುವವರೆಗೆ ತಿಕ್ಕಿದೆ. ಇಷ್ಟು ವರ್ಷ ಅದರಲ್ಲಿ ಹಂದಿ ಕೊಬ್ಬು ಕರಗಿಸಿದ್ದಾಳೆ, ವಾಸನೆ ಹೋಗುತ್ತಿಲ್ಲ. ಆದರೂ ನಿನಗಾಗಿ ಹಳೆಯ ಕಂಬಳಿಯಲ್ಲಿ ಸುತ್ತಿಟ್ಟಿದ್ದೇನೆ.

ಅಪ್ಪನ ಆಶೀರ್ವಾದ. ಬಂದರಿಗೆ ಬೇಗ ಬಂದು ನಿಲ್ಲು, ನಿನ್ನ ಮುಖ ನೋಡಿದರೆ ಸಾಕು ಅನಿಸಿದೆ ನನಗೆ.

ನಿನ್ನ ತಂಗಿ,
ಫ್ರೀಮಾ

ಮರೆತಿದ್ದಲ್ಲ, ಈಗಷ್ಟೇ ಆದದ್ದು: ಅಗ್ಲಾಯತ್ತೆ ಕಣ್ಣೊರೆಸಿಕೊಳ್ಳುತ್ತ ನಮ್ಮನ್ನು ಬೀಳ್ಕೊಡಲು ಬಂದಿದ್ದಳು. ತನ್ನಿಂದ ಏನೂ ಕಡಿಮೆಯಾಗಿಲ್ಲ ಎಂದು ಅಪ್ಪನಿಗೆ ಹೇಳಿದಳು. “ನೀವು ಹೋಗಿ ನಲವತ್ತನೇ ದಿನಕ್ಕೇ ನಾಲ್ಕೂ ಜನರ ಹೆಸರಲ್ಲಿ ಬತ್ತಿ ಹಚ್ಚಿ, ಇದೇ ಪಾತ್ರೇಲಿ ಗೋಧಿ ಬೇಯಿಸಿ ಹಂಚಿದೀನಿ. ಏಳು ವರ್ಷ ಮಾಡ್ಬೇಕು ಅಂತಾರೆ, ಒಂದು ವರ್ಷಾನೂ ತಪ್ಪಿಸಲಿಲ್ಲ.” ನಲವತ್ತನೇ ದಿನ ಅಮ್ಮ ಇನ್ನೂ ಬದುಕಿದ್ದಳು, ಅಣ್ಣ. ನಾವು ಮೂವರು ಮೂರನೇ ವರ್ಷಕ್ಕೇ ತಿರುಗಿ ಬಂದು ಅವಳ ಕಣ್ಣೆದುರೇ ಓಡಾಡುತ್ತಿದ್ದೆವಲ್ಲ ಎಂದು ಕೇಳಿದೆ. “ಶುರು ಮಾಡಿದ್ದನ್ನ ಅರ್ಧಕ್ಕೆ ಬಿಡಬಾರ್ದಮ್ಮ” ಅಂದಳು. ಕಂಬಳಿ ಬಿಚ್ಚಿ ಪಾತ್ರೆಯನ್ನು ಅವಳ ಮಡಿಲಿಗೇ ಹಾಕಿ ಕಳಿಸಿದೆ. ಅಪ್ಪ ಈ ಸಲ ತಡೆಯಲಿಲ್ಲ. ನೀನು ಅಲ್ಲಿ ಯಾವುದಾದರೂ ಹೊಸ ಪಾತ್ರೆ ತಂದಿಡು, ತಗಡಿನದಾದರೂ ಸರಿ. ನಮ್ಮ ತಿಥಿಯ ಅಡುಗೆ ಬೆಂದ ಪಾತ್ರೆಯಲ್ಲಿ ನಾನು ನಿನಗೆ ಬಡಿಸಲಾರೆ.